ತೊಡೆಯೊಳಗಿನ ಉಗ್ರಾಣ

ಮಾಸ್ಟರ್ ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಚೆನ್ನೈನ ಪೋರೂರಿನ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸುವುದು, ಕೂರಿಸುವುದು ಮಾಡಿಸುತ್ತಿದ್ದೆ. ಮಾಧವರಂನಿಂದ ಅವರ ಮಗಳು ಫೋನ್ ಮಾಡಿದ್ದಳು. ಎಂಬತ್ತೊಂದು ವರ್ಷ. ಹಿಂದಿನ ಸಂಜೆ ಮೂರು ಮಹಡಿ ಹತ್ತಿ ಬಂದು ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಪ್ಪನಿಗೆ ಕೊನೆಯವರೆಗೂ ಕೈಕಾಲು ಸೋಲಲಿಲ್ಲ ಎಂದು ತಮಿಳಿನಲ್ಲಿ ಹೇಳಿದಳು. ಅಳುತ್ತಿದ್ದಳು, ಆದರೂ ಆ ಮಾತಿನಲ್ಲೊಂದು ಹೆಮ್ಮೆ ಇತ್ತು. ಫೋನಿಟ್ಟು ನಾನು ಅಜ್ಜಿಯ ಕಡೆ ತಿರುಗಿದೆ. ಆಕೆ ಇನ್ನೂ ಮೂರು ಸಲ ಏಳುವುದು ಬಾಕಿಯಿತ್ತು. ಮುಗಿಸಿಕೊಂಡೇ ಹೊರಟೆ. ಅರ್ಧಕ್ಕೆ ಬಿಟ್ಟ ಕೆಲಸವನ್ನು ಮಾಸ್ಟರ್ ಸಹಿಸುವವರಲ್ಲ.

ಮಾಸ್ಟರ್ ಎಂದರೆ ಶಾಲೆಯ ಮೇಷ್ಟರಲ್ಲ. ಚೆನ್ನೈನ ಹೋಟೆಲುಗಳಲ್ಲಿ ಅಡುಗೆಮನೆಯ ಹಿರಿಯನನ್ನು ಹಾಗೆ ಕರೆಯುತ್ತಾರೆ. ಕುಂದಾಪುರದ ಕಡೆಯಿಂದ ಹದಿಹರೆಯ ದಾಟಿದ ಮೇಲೆ ಬಂದವರು, ವೆಸ್ಟ್ ಮಾಂಬಲಂನ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ದುಡಿದರು. ಬೀದಿಯ ಹೊಸಬರು ಅವರನ್ನು ನಿವೃತ್ತ ಶಿಕ್ಷಕರೆಂದೇ ತಿಳಿದು ಮಕ್ಕಳ ಟ್ಯೂಷನ್ ವಿಚಾರಿಸುತ್ತಿದ್ದರು. ಅವರು ತಿದ್ದುತ್ತಿರಲಿಲ್ಲ, ಈಗ ಮಕ್ಕಳನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದರು.

ಎದುರು ಸಿಕ್ಕವರ ಮುಂಗೈಯನ್ನು ಎರಡು ಬೆರಳಲ್ಲಿ ಒತ್ತಿ ನೋಡುವುದು ಅವರ ಅಭ್ಯಾಸ. ಹಿಟ್ಟಿನ ಹದ ನೋಡುತ್ತಾರಲ್ಲ, ಹಾಗೆ. ನಾನು ಕಾಲೇಜಿಗೆ ಹೋಗುವಾಗ ಮೆಟ್ಟಿಲಲ್ಲಿ ಸಿಕ್ಕರೆ ಒತ್ತಿ ನೋಡಿ, ಇದು ಇನ್ನೂ ನೀರಾಗೇ ಇದೆ ಎಂದು ತಲೆ ಆಡಿಸುತ್ತಿದ್ದರು. ನಮ್ಮದು ಬಾಗಲಕೋಟೆ ಕಡೆಯ ಮನೆತನ, ಅಜ್ಜನ ಕಾಲಕ್ಕೆ ಸೀರೆ ವ್ಯಾಪಾರಕ್ಕೆಂದು ಬಂದು ನೆಲೆಸಿದವರು. ನಾವು ಮೊದಲ ಮಹಡಿ, ಅವರು ಮೂರನೆಯದು. ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಎಷ್ಟು ದೂರವೆಂದರೆ, ನನ್ನ ಅವ್ವ ಮತ್ತು ಅವರ ಹೆಂಡತಿ ಮೊದಲ ಒಂದು ವರ್ಷ ಪರಸ್ಪರ ತಮಿಳಿನಲ್ಲೇ ಮಾತಾಡಿದ್ದರಂತೆ. ಆ ಹೆಂಡತಿಯನ್ನು ನಾನು ಅತ್ತೆ ಎಂದು ಕರೆಯುತ್ತಿದ್ದೆ.

ಅರವತ್ತೈದಕ್ಕೆ ಮಾಸ್ಟರ್ ಕೆಲಸ ಬಿಟ್ಟರು. ಅಲ್ಲಿಯವರೆಗೆ ಅವರ ದಿನವೆಲ್ಲ ಎತ್ತುವುದರಲ್ಲೇ ಕಳೆಯುತ್ತಿತ್ತು. ಅಕ್ಕಿಯ ಮೂಟೆ, ರುಬ್ಬಿದ ಹಿಟ್ಟಿನ ಡ್ರಮ್ಮು, ಕುದಿಯುವ ಸಾಂಬಾರಿನ ಅಂಡೆ. ಬಿಟ್ಟ ಮೇಲೆ ಅವರು ಎತ್ತಿದ ಅತಿ ಭಾರದ ವಸ್ತು ಟಿವಿ ರಿಮೋಟ್ ಎಂದು ಅತ್ತೆ ಹೇಳುತ್ತಿದ್ದರು. ಊಟ ಮಾತ್ರ ಹೋಟೆಲಿನ ದಿನಗಳದೇ: ಬೆಳಿಗ್ಗೆ ನಾಲ್ಕು ಇಡ್ಲಿ, ಎರಡು ಹೊತ್ತು ಬೆಟ್ಟದಂಥ ಅನ್ನ, ಸಂಜೆ ಬೋಂಡವೋ ಬಜ್ಜಿಯೋ, ನಡುನಡುವೆ ಸಕ್ಕರೆ ಮುಂದಾದ ಕಾಫಿ. ಎರಡೇ ವರ್ಷದಲ್ಲಿ ಹೊಟ್ಟೆ ಮುಂದೆ ಬಂತು, ತೋಳು ಒಳಗೆ ಹೋಯಿತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಣಿಸಿತು.

ಅವರಿಗೆ ಅದು ಅನ್ಯಾಯವೆನಿಸಿತು. ತಾನು ತಿನ್ನುವುದರಲ್ಲಿ ಒಂದು ತುತ್ತೂ ಹೆಚ್ಚಾಗಿಲ್ಲ, ಹಾಗಿದ್ದ ಮೇಲೆ ಈ ಸಕ್ಕರೆ ಎಲ್ಲಿಂದ ಬಂತು ಎಂದು ಕಂಡಕಂಡವರನ್ನು ಕೇಳಿದರು. ಯಾರೋ ವಯಸ್ಸು ಎಂದರು, ಯಾರೋ ಕರ್ಮ ಎಂದರು. ಕೊನೆಗೆ ಹಟಕ್ಕೆ ಬಿದ್ದು ಊಟವನ್ನೇ ಬಿಟ್ಟರು. ಎರಡು ಹೊತ್ತು ತೆಳು ಗಂಜಿ, ಉಪ್ಪಿನಕಾಯಿ ರಸ, ಮತ್ತೇನಿಲ್ಲ. ಸಕ್ಕರೆ ಸ್ವಲ್ಪ ಇಳಿಯಿತು, ಅದರ ಜೊತೆಗೆ ಅವರೂ ಇಳಿದರು. ಅಂಗಿ ಹ್ಯಾಂಗರಿಗೆ ಸಿಕ್ಕಿಸಿದಂತೆ ತೂಗತೊಡಗಿತು. ಕೆಲವು ತಿಂಗಳಲ್ಲಿ ಸಕ್ಕರೆ ತಿರುಗಿ ಮೇಲೇರಿತು. ಹೋದ ಮಾಂಸ ಮಾತ್ರ ತಿರುಗಿ ಬರಲಿಲ್ಲ.

ಆಗ ನಾನೇನು ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕು. ಫಿಸಿಯೊಥೆರಪಿ ಓದಿ ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಸ್ನಾಯುವಿಗೂ ಸಕ್ಕರೆಗೂ ಇರುವ ಸಂಬಂಧ ಪುಸ್ತಕದಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ವಯಸ್ಸಾದವರು ಬಂದರೆ ದಿನಾ ಅರ್ಧ ಗಂಟೆ ನಡೆಯಿರಿ ಎಂದು ಹೇಳಿ ಕಳಿಸುತ್ತಿದ್ದೆ. ಎಪ್ಪತ್ತು ದಾಟಿದವರಿಗೆ ಬಲ ಮರಳಿ ಬರುತ್ತದೆಂದು ಬಾಯಲ್ಲಿ ಹೇಳುತ್ತಿದ್ದರೂ ಮನಸ್ಸಿನಲ್ಲಿ ನಂಬಿರಲಿಲ್ಲ. ಮಾಸ್ಟರ್ ಕಣ್ಣೆದುರೇ ಕರಗುತ್ತಿದ್ದಾಗಲೂ, ಮೆಟ್ಟಿಲಲ್ಲಿ ಸಿಕ್ಕರೆ ಆರಾಮಾ ಎಂದು ಕೇಳಿ ದಾಟಿಹೋಗುತ್ತಿದ್ದೆ.

ಈ ನಡುವೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಎಡಗಡೆ ಸೋತಿತು, ಮಾತು ನಿಧಾನವಾಯಿತು. ಬುದ್ಧಿ ಮತ್ತು ನಾಲಿಗೆಯ ಮೊನೆ ಹಾಗೇ ಉಳಿದವು. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ ಅವರನ್ನು ಎತ್ತುವವರು ಮಾಸ್ಟರ್. ಬೇರೆಯವರ ಕೈ ಬೇಡವೆಂದು ಅತ್ತೆಯದೂ ಹಟ, ಅವರದೂ ಹಟ. ಹೀಗೆ ಎರಡು ವರ್ಷ ನಡೆಯಿತು.

ಒಂದು ಬೆಳಿಗ್ಗೆ ಮೆಟ್ಟಿಲಲ್ಲಿದ್ದಾಗ ಮೇಲಿನಿಂದ ನೆಲ ಬಡಿಯುವ ಸದ್ದು ಕೇಳಿ ಓಡಿಹೋದೆ. ಹಾಸಿಗೆಗೂ ಕುರ್ಚಿಗೂ ನಡುವೆ ಇಬ್ಬರೂ ನೆಲದ ಮೇಲಿದ್ದರು. ಎತ್ತುತ್ತಿದ್ದವರ ತೋಳು ನಡುವಲ್ಲೇ ಸೋತು ಇಬ್ಬರೂ ಜಾರಿ ಕುಸಿದಿದ್ದರು. ಅತ್ತೆಯ ತಲೆಗೆ ಪೆಟ್ಟಾಗದಂತೆ ಮಾಸ್ಟರ್ ತಮ್ಮ ಅಂಗೈಯನ್ನು ಅಡಿಗೆ ಕೊಟ್ಟಿದ್ದರು. ಏಳಲಾರದೆ ಇನ್ನೊಂದು ಕೈಯಿಂದ ಲೋಟ ಬಡಿಯುತ್ತಿದ್ದರು.

"ಎಂತ ಆಯ್ಲಿಲ್ಲೆ ಮಗಾ. ಈ ಕೈ ಮೋಸ ಮಾಡ್ತ್, ಅಷ್ಟೆ" ಎಂದರು.

ನಾನು ಮೊದಲು ಅತ್ತೆಯನ್ನು ಎತ್ತಿದೆ. ಮಾಸ್ಟರನ್ನು ಎಬ್ಬಿಸಲು ಕಂಕುಳಿಗೆ ಕೈ ಕೊಟ್ಟಾಗ ಗಾಬರಿಯಾಯಿತು. ನಲವತ್ತು ವರ್ಷ ಅಂಡೆ ಎತ್ತಿದ ಆ ತೋಳಲ್ಲಿ ಹಿಡಿಯುವುದಕ್ಕೆ ಏನೂ ಇರಲಿಲ್ಲ.

ಮಧ್ಯಾಹ್ನ ಮಗಳು ಬಂದಳು. ಮಾಧವರಂನಲ್ಲಿ ಗಂಡ, ಮಕ್ಕಳು, ಕೆಲಸ ಎಂದು ಓಡಾಡುವವಳು. ಇಲ್ಲೇ ಹುಟ್ಟಿ ಓದಿದ್ದರಿಂದ ಕನ್ನಡ ಅರ್ಥವಾದರೂ ಉತ್ತರ ತಮಿಳಿನಲ್ಲೇ. ಕೆಟ್ಟವಳಲ್ಲ, ಹೆದರಿದ್ದಳು. ಪೋರೂರಿನ ಒಂದು ಆರೈಕೆ ಮನೆಯಲ್ಲಿ ಅಮ್ಮನಿಗೆ ಜಾಗ ಕೇಳಿದಳು. ಮೂರು ತಿಂಗಳ ನಂತರ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದರಂತೆ. "ಅಪ್ಪಾ, ಪ್ರಾಕ್ಟಿಕಲ್ಲಾ ಯೋಸಿಂಗೊ" ಎಂದಳು, ವಾಸ್ತವ ನೋಡಿ ಯೋಚಿಸಿ ಎಂದು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಅದೇ ವಾರ ಸಕ್ಕರೆ ಡಾಕ್ಟರೂ ಮಾಸ್ಟರಿಗೆ ಹೇಳಿದರು: ಮಾತ್ರೆ ಸಾಲುತ್ತಿಲ್ಲ, ಮುಂದಿನ ಪರೀಕ್ಷೆಯಲ್ಲೂ ಹೀಗೇ ಇದ್ದರೆ ಇನ್ಸುಲಿನ್ ಸೂಜಿ ಶುರು ಮಾಡೋಣ.

ಮರುದಿನ ಮಾಸ್ಟರ್ ನಮ್ಮ ಮನೆಗೆ ಇಳಿದು ಬಂದರು. ಒಂದೊಂದು ಮೆಟ್ಟಿಲಿಗೂ ನಿಂತು ಬಂದಿದ್ದರಿಂದ ಉಬ್ಬಸ ಬರುತ್ತಿತ್ತು.

"ಮೂರ್ ತಿಂಗ್ಳ್ ಇತ್ತ್. ಅಷ್ಟ್ರೊಳ್ಗೆ ನನ್ನ್ ಕೈ ವಾಪಸ್ ಬತ್ತಾ? ಸುಳ್ಳ್ ಹೇಳ್ಬೇಡ."

"ನಲವತ್ತರ ಕೈ ಬರಂಗಿಲ್ರಿ ಮಾಸ್ಟರ್. ಆದ್ರ ಅತ್ತೇನ್ನ ಎತ್ತೋ ಅಷ್ಟು ಬರಬಹುದು" ಎಂದೆ. ಎಷ್ಟು ನಂಬಿ ಹೇಳಿದೆನೋ ಗೊತ್ತಿಲ್ಲ. ಅವರು ನಂಬಿಬಿಟ್ಟರು. ಆ ಮೇಲೆ ನಾನೂ ನಂಬಲೇಬೇಕಾಯಿತು.

ಅಂದು ಅವರಿಗೆ ನಾನು ಮರೆತಿದ್ದ ಪಾಠವನ್ನು ಹೇಳಿದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ, ಅದರ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮೈಯ ಸ್ನಾಯುಗಳು, ಅದರಲ್ಲೂ ತೊಡೆಯಂಥ ದೊಡ್ಡವು. ಇನ್ಸುಲಿನ್ ಬಂದು ಬಾಗಿಲು ತಟ್ಟುತ್ತದೆ, ಸ್ನಾಯು ತೆರೆಯುತ್ತದೆ. ವಯಸ್ಸಾದಂತೆ ಸ್ನಾಯು ಕುಗ್ಗುತ್ತದೆ, ಎಳೆಗಳ ನಡುವೆ ಕೊಬ್ಬು ಸೇರುತ್ತದೆ, ತಟ್ಟಿದ್ದು ಸರಿಯಾಗಿ ಕೇಳಿಸುವುದಿಲ್ಲ. ಕೂತೇ ಇದ್ದು, ಖರ್ಚಿಗಿಂತ ಹೆಚ್ಚು ಅನ್ನ, ಎಣ್ಣೆ, ಸಿಹಿ ತುಂಬಿದರೆ ಕಿವುಡು ಇನ್ನೂ ಹೆಚ್ಚುತ್ತದೆ. ಹಾಗೆಂದು ಉಪವಾಸ ಬಿದ್ದರೆ ಇದ್ದ ಸ್ನಾಯುವೂ ಕರಗುತ್ತದೆ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ ತಟ್ಟದಿದ್ದರೂ ತಾನಾಗಿ ಬಾಗಿಲು ತೆರೆಯುತ್ತದೆ, ನಿಮ್ಮ ಎಪ್ಪತ್ತೆರಡರಲ್ಲೂ ತೆರೆಯುತ್ತದೆ.

ಮಾಸ್ಟರ್ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಮ್ಮ ಭಾಷೆಗೆ ತಂದುಕೊಂಡರು.

"ಅಂದ್ರೆ ಉಗ್ರಾಣ ಸಣ್ದಾಯ್ತ್, ಬಾಗ್ಲಿಗೆ ತುಕ್ಕ್ ಹಿಡಿತ್. ಲಾರಿಯಲ್ ಬಂದ ಸಾಮಾನೆಲ್ಲ ರೋಡಲ್ ಬಿದ್ಕಂಡಿತ್. ನಾನ್ ಎಂತ ಮಾಡ್ದೆ, ಲಾರಿ ನಿಲ್ಲಿಸ್ದೆ. ಉಗ್ರಾಣ ರಿಪೇರಿ ಮಾಡ್ಲಿಲ್ಲೆ."

ಇಷ್ಟು ವರ್ಷ ರೋಗಿಗಳಿಗೆ ಹೇಳಲು ನಾನು ಹುಡುಕುತ್ತಿದ್ದ ಮಾತು ಅದು. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಡಾಕ್ಟರನ್ನು ಕೇಳಿ, ಹೃದಯ, ಕಣ್ಣು, ಪಾದ ಎಲ್ಲ ತೋರಿಸಿ ಬಂದ ಮೇಲೆ ಶುರು ಮಾಡಿದೆವು. ಮೊದಲ ದಿನ ಕುರ್ಚಿಯಿಂದ ಕೈ ಊರದೆ ಏಳುವುದು. ನಾಲ್ಕು ಸಲ ಎದ್ದರು, ಐದನೆಯದಕ್ಕೆ ಆಗಲಿಲ್ಲ. ಮುಖ ಕೆಂಪಾಯಿತು. ನಾನು ಸಮಾಧಾನ ಹೇಳುವ ಮೊದಲೇ, ಹಾಸಿಗೆಯಲ್ಲಿದ್ದ ಅತ್ತೆ ಒಂದೊಂದೇ ಅಕ್ಷರ ಎಳೆದು, ನಾಳೆಗೆ ಐದು ಎಂದರು. ಅಂದಿನಿಂದ ಎಣಿಸುವ ಕೆಲಸ ಅತ್ತೆಯದು. ಅವರ ಮಾತಿಗೂ ಅದು ಒಳ್ಳೆಯ ಅಭ್ಯಾಸವೆಂದು ನಾನು ಬಿಟ್ಟೆ. ಗಂಡ ಅರ್ಧ ಎದ್ದು ಕೂತರೆ ಎಣಿಸುತ್ತಿರಲಿಲ್ಲ. ಲೆಕ್ಕದಲ್ಲಿ ದಯೆ ಇರಲಿಲ್ಲ. ಅತ್ತೆಯನ್ನೂ ಹಾಸಿಗೆಯ ಅಂಚಿಗೆ ಕೂರಿಸಿ, ಎಣಿಸುತ್ತಲೇ ಎರಡೂ ಪಾದ ನೆಲಕ್ಕೆ ಒತ್ತಲು ಹೇಳಿಕೊಟ್ಟಿದ್ದೆ.

ಭಾರಕ್ಕೆ ಡಂಬೆಲ್ ತರುತ್ತೇನೆಂದರೆ ಮಾಸ್ಟರ್ ಒಪ್ಪಲಿಲ್ಲ. ಉಪಯೋಗವಿಲ್ಲದ ಭಾರ ಎತ್ತುವುದು ಅವರಿಗೆ ಅವಮಾನ. ಕೆಳಗೆ ಬೀದಿಯ ಕೈಪಂಪಿನಲ್ಲಿ ನೀರು ಹಿಡಿದು ಪ್ಲಾಸ್ಟಿಕ್ ಕೊಡದಲ್ಲಿ ಮೇಲೆ ತರತೊಡಗಿದರು. ಮೊದಲು ಕಾಲು ಕೊಡ, ಅದೂ ಮೊದಲ ಮಹಡಿಗೆ. ಪಂಪಿನ ಹೆಂಗಸರು, ಈ ವಯಸ್ಸಲ್ಲಿ ನಿಮಗೇಕೆ ಈ ಕೆಲಸ ಎಂದು ತಮಿಳಿನಲ್ಲಿ ಮರುಗಿದರೆ, "ಮರುಂದುಮ್ಮಾ, ಮರುಂದು" ಎನ್ನುತ್ತಿದ್ದರು. ಇದು ಔಷಧಿಯಮ್ಮ, ಔಷಧಿ. ಆರನೆಯ ವಾರಕ್ಕೆ ಅರ್ಧ ಕೊಡ ಮೂರನೆಯ ಮಹಡಿ ಮುಟ್ಟಿತು. ತಮ್ಮ ಮನೆಯ ಪಾತ್ರೆಗಳು ತುಂಬಿದ ಮೇಲೆ ಎರಡನೆಯ ಮಹಡಿಯವರ ಬಾಗಿಲು ಬಡಿದು, ನೀರು ಬೇಕಾ ಎಂದು ಕೇಳತೊಡಗಿದರು.

ಊಟದ ಕಥೆ ಬೇರೆ. ಆಸ್ಪತ್ರೆಯಲ್ಲಿ ಕೊಟ್ಟ ಅಚ್ಚು ಹಾಕಿದ ಪಟ್ಟಿಯನ್ನು ಅವರು ಒಮ್ಮೆ ಓದಿ, ಇದನ್ನು ಬರೆದವರಿಗೆ ಹಸಿವೆಯ ಪರಿಚಯವಿಲ್ಲ ಎಂದು ಮಡಚಿಟ್ಟರು. ಐವತ್ತು ವರ್ಷದ ಸಂಸಾರದಲ್ಲಿ ಮನೆಯಲ್ಲಿ ಒಂದು ದಿನವೂ ಸೌಟು ಹಿಡಿಯದೆ, ಅತ್ತೆ ಮಲಗಿದ ಮೇಲೂ ಅಡುಗೆಯವಳಿಗೇ ಬಿಟ್ಟಿದ್ದವರು ಈಗ ಅಡುಗೆಮನೆಗೆ ಹೊಕ್ಕರು. ಇಡ್ಲಿಗೆ ಅಕ್ಕಿ ಇಳಿಸಿ ಉದ್ದು ಏರಿಸಿದರು. ಹೆಸರುಕಾಳಿನ ದೋಸೆ, ಸುಂಡಲ್ ಎಂಬ ಕಡಲೆ ಉಸಲಿ, ಹುರುಳಿಯ ಗಟ್ಟಿ ಸಾರು, ತೊಂಡೆ, ಅವರೆ, ಸೊಪ್ಪು, ಒಂದು ದೊಡ್ಡ ಲೋಟ ಮೊಸರು. ಹೊಟ್ಟೆ ತುಂಬಾ ತಿನ್ನುತ್ತಿದ್ದರು. ತಿನ್ನುವ ಕ್ರಮ ಮಾತ್ರ ಬದಲಾಗಿತ್ತು. ಪಲ್ಯ, ಕಾಳು ಮೊದಲು, ಅನ್ನ ಕಡೆಗೆ.

"ಅನ್ನ ಉಪ್ಪಿನಕಾಯಿ ಹಾಂಗೆ ಬಡ್ಸ್ಕ್, ಎಲೆ ಮೂಲೆಗೆ" ಎನ್ನುತ್ತಿದ್ದರು. ಜೀವಮಾನವೆಲ್ಲ ಬೇರೆಯವರಿಗೆ ಅನ್ನದ ರಾಶಿ ಹಾಕಿದವರ ಬಾಯಲ್ಲಿ ಅದು ಸಣ್ಣ ಮಾತಲ್ಲ. ನನ್ನ ಅವ್ವನಿಗೂ ಆಗ ಸಕ್ಕರೆಯ ಅಂಚು. ಮಾಸ್ಟರ್ ಕಳಿಸಿದ ಹುರುಳಿ ಸಾರು ತಿಂದು, ಇದು ನಮ್ಮೂರ ಕಡೆ ಎತ್ತಿಗಿ ಹಾಕೋದು ಎಂದು ಗೊಣಗಿದಳು. ಅದನ್ನು ಕೇಳಿ ಮಾಸ್ಟರ್, ಎತ್ತು ಸಕ್ಕರೆ ಡಾಕ್ಟರ ಹತ್ತಿರ ಹೋಗಿದ್ದು ಕಂಡಿದ್ದೀರಾ ಎಂದು ಹೇಳಿ ಕಳಿಸಿದರು. ಅವ್ವ ಮರುದಿನದಿಂದ ಪಾತ್ರೆ ತಾನೇ ಕಳಿಸತೊಡಗಿದಳು.

ಎಲ್ಲ ನೆಟ್ಟಗೆ ನಡೆಯಿತೆಂದು ಹೇಳಲಾರೆ. ಒಂದು ಬೆಳಿಗ್ಗೆ ಕೊಡ ಹೊತ್ತವರು ಎರಡನೆಯ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಿದ್ದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮಾತ್ರೆ ನುಂಗಿ, ತಿಂಡಿ ತಿನ್ನದೆ ನೀರಿಗೆ ಇಳಿದಿದ್ದರು. ಸಕ್ಕರೆ ತೀರ ಕೆಳಗಿಳಿದಿತ್ತು. ಸಕ್ಕರೆ ನೀರು ಕುಡಿಸಿ ಕೂರಿಸಿದೆ. ಅವರನ್ನು ಕೊಂದೇಬಿಡುತ್ತಿದ್ದೆನೆಂದು ಅನಿಸಿತು. ಚೇತರಿಸಿಕೊಂಡವರ ಮುಖದಲ್ಲಿ ನಗು. ಏರುವುದೊಂದೇ ಗೊತ್ತಿದ್ದ ಸಕ್ಕರೆ ಇಳಿಯುವುದನ್ನೂ ಕಲಿಯಿತಲ್ಲ ಎಂದರು. ನಾನು ಜೋರಾಗಿ ಬೈದೆ. ಅದೇ ದಿನ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರು ಎಲ್ಲ ಕೇಳಿ ಒಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಮಾತ್ರೆ ಇಳಿಸಿ ಬರೆದದ್ದು ಅದೇ ಮೊದಲು. ಅಂದಿನಿಂದ ತಿಂಡಿ ತಿನ್ನದೆ ಕೊಡ ಮುಟ್ಟುವಂತಿಲ್ಲ ಎಂದು ಅತ್ತೆಯ ಆಜ್ಞೆಯಾಯಿತು.

ಒಮ್ಮೆ ಅವರನ್ನು ಕೇಳಿದ್ದೆ, ಇಷ್ಟು ವಯಸ್ಸಾಯಿತು, ಮೈ ಕೇಳುವುದಿಲ್ಲ ಎಂದು ಅನಿಸುವುದಿಲ್ಲವೇ ಎಂದು. ಅವರು ರುಬ್ಬುವ ಕಲ್ಲಿನ ಮಾತು ಹೇಳಿದರು. ರುಬ್ಬಿ ರುಬ್ಬಿ ಕಲ್ಲು ನುಣ್ಣಗಾದರೆ ಹಿಟ್ಟು ಜಾರುತ್ತದೆ, ಅರೆಯುವುದಿಲ್ಲ. ಆಗ ಯಾರೂ ಕಲ್ಲನ್ನು ಎಸೆಯುವುದಿಲ್ಲ. ಬೀದಿಯಲ್ಲಿ ಕೂಗುತ್ತಾ ಬರುವವನನ್ನು ಕರೆದು ಉಳಿಯಿಂದ ಕುಟ್ಟಿಸುತ್ತಾರೆ. ಕುಟ್ಟುವಾಗ ಕಲ್ಲಿಗೆ ಹಿತವಾಗಿರುತ್ತದೆಂದು ತಿಳಿಯಬೇಡ ಎಂದೂ ಸೇರಿಸಿದರು.

ಮೂರು ತಿಂಗಳು ಮುಗಿಯುವುದಕ್ಕೆ ಎರಡು ದಿನ ಮೊದಲು ರಕ್ತದ ವರದಿ ಬಂತು. ಡಾಕ್ಟರು ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಮಾಸ್ಟರನ್ನು ಎದ್ದು ನಿಲ್ಲಲು ಹೇಳಿದರು. ಕುರ್ಚಿಯ ಕೈ ಹಿಡಿಯದೆ ಅವರು ಎದ್ದದ್ದನ್ನು ನೋಡಿ, ಇನ್ನೊಮ್ಮೆ ಎಂದರು. ಆಮೇಲೆ ಸೂಜಿಯ ಮಾತು ಈಗ ಬೇಡ ಎಂದು ಬರೆದರು. ರೋಗ ಹೋಗಿಲ್ಲ, ನಿಲ್ಲಿಸಿದರೆ ಮತ್ತೆ ಬರುತ್ತದೆ ಎಂದೂ ಎಚ್ಚರಿಸಿದರು. ಮಾಸ್ಟರ್ ನಿಲ್ಲಿಸುವ ಯೋಚನೆ ಇಲ್ಲವೆಂದರು. ಹೊರಗೆ ಬಂದು ನನ್ನ ಮುಂಗೈ ಒತ್ತಿ ನೋಡಿದರು. ಪರವಾಗಿಲ್ಲ, ಹದಕ್ಕೆ ಬರುತ್ತಿದೆ ಎಂದರು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಅಮ್ಮನ ಬಟ್ಟೆ ತುಂಬಲು ಒಂದು ಸೂಟ್‌ಕೇಸ್ ತಂದಿದ್ದಳು. ಅಪ್ಪನ ಮುಖದಲ್ಲಿ ಕಳೆ ಬಂದಿರುವುದನ್ನು ಕಂಡು ಸಂತೋಷಪಟ್ಟಳು, ವರದಿಯನ್ನೂ ನೋಡಿದಳು. ಆದರೆ ಸಕ್ಕರೆ ಬೇರೆ, ಎತ್ತುವುದು ಬೇರೆ ಎಂದಳು. ಮತ್ತೆ ಬಿದ್ದರೆ ಯಾರು ನೋಡಬೇಕು ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ಮಾಸ್ಟರ್ ಪಂಚೆಯನ್ನು ಮೇಲೆ ಕಟ್ಟಿದರು. ಅತ್ತೆಯನ್ನು ಹಾಸಿಗೆಯ ಅಂಚಿಗೆ ತಂದು ಕೂರಿಸಿದರು. ನಾನು ಹೇಳಿಕೊಟ್ಟಂತೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಅತ್ತೆಯ ಸೊಂಟಕ್ಕೆ ಕಟ್ಟಿದ್ದ ಅಗಲದ ಪಟ್ಟಿ ಹಿಡಿದು, ಅವರ ಮೈಯನ್ನು ತಮ್ಮ ಎದೆಗೆ ಒತ್ತಿಕೊಂಡರು. ನಾನು ಒಂದು ಹೆಜ್ಜೆ ಹಿಂದೆ ಕೈ ಚಾಚಿ ನಿಂತಿದ್ದೆ. ಮಗಳು ಸೂಟ್‌ಕೇಸಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಅತ್ತೆ ಎಂದಿನಂತೆ ಎಣಿಸಿದರು, ಒಂದು, ಎರಡು, ಮೂರು. ಮೂರಕ್ಕೆ ಮಾಸ್ಟರ್ ಎದ್ದರು, ಅವರೊಂದಿಗೆ ಅತ್ತೆಯೂ ಎದ್ದರು. ಅವರ ತೊಡೆಯ ಸ್ನಾಯು ಪಂಚೆಯ ಅಂಚಿನ ಕೆಳಗೆ ಹಗ್ಗದಂತೆ ಬಿಗಿದದ್ದು ನನಗೆ ಕಂಡಿತು. ತೋಳು ಅಲುಗಲಿಲ್ಲ.

ಅಲ್ಲಿಂದ ತಿರುಗಿಸಿ ಗಾಲಿಕುರ್ಚಿಗೆ ಕೂರಿಸಬೇಕು. ಅವರು ತಿರುಗಲು ಹೊರಟಾಗ ಅತ್ತೆ ತಲೆ ಅಲ್ಲಾಡಿಸಿದರು.

"ಕೈ ಬಿಡಿ" ಎಂದರು.

ಮಾಸ್ಟರಿಗೆ ಅರ್ಥವಾಗಲಿಲ್ಲ. ಅತ್ತೆ ಮತ್ತೆ ಅದನ್ನೇ ಹೇಳಿದರು, ಈ ಸಲ ಸ್ವಲ್ಪ ಸಿಟ್ಟಿನಲ್ಲಿ. ಅವರು ನನ್ನ ಕಡೆ ನೋಡಿದರು. ಪಾರ್ಶ್ವವಾಯು ಬಡಿದ ಮೇಲೆ ಅತ್ತೆ ಯಾವತ್ತೂ ಹಿಡಿತವಿಲ್ಲದೆ ನಿಂತಿರಲಿಲ್ಲ. ಆದರೆ ಮೂರು ತಿಂಗಳು ಗಂಡನ ಲೆಕ್ಕ ಹಾಕುತ್ತಾ, ಒಂದೊಂದು ಎಣಿಕೆಗೂ ಆ ಎರಡು ಪಾದಗಳು ನೆಲವನ್ನು ಒತ್ತಿದ್ದವು. ಅದು ದಿನಕ್ಕೆ ಎಷ್ಟು ಸಲವಾಯಿತೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಾನು ಪಟ್ಟಿಯ ಹತ್ತಿರಕ್ಕೆ ಕೈ ತಂದು, ಮಾಸ್ಟರಿಗೆ ಬಿಡಿ ಎಂದು ಸನ್ನೆ ಮಾಡಿದೆ.

ಅವರು ಒಂದೊಂದೇ ಬೆರಳು ಬಿಟ್ಟರು. ಅತ್ತೆ ಬಲಗಾಲಿನ ಮೇಲೆ ಭಾರ ಹಾಕಿ ತೂಗಿದರು, ಎಡಗಾಲು ನಡುಗಿತು, ನಿಂತಿತು. ಎರಡು ವರ್ಷದ ನಂತರ ಅವರು ಯಾರ ಹಿಡಿತವೂ ಇಲ್ಲದೆ ತಮ್ಮ ಮನೆಯ ನೆಲದ ಮೇಲೆ ನಿಂತಿದ್ದರು, ಗಂಡನ ಭುಜಕ್ಕಿಂತ ಸ್ವಲ್ಪ ಮೇಲೆ ಬರುವ ತಮ್ಮ ಎತ್ತರದಲ್ಲಿ. ಮಗಳು ಸೂಟ್‌ಕೇಸ್ ಬಿಟ್ಟು ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಫೋನ್ ತೆಗೆದು ಬಾಲ್ಕನಿಗೆ ಹೋದಳು. ಪೋರೂರಿನವರಿಗೆ ಆ ಹಾಸಿಗೆ ಬೇರೆ ಯಾರಿಗಾದರೂ ಕೊಡಿ ಎಂದು ಅವಳು ತಮಿಳಿನಲ್ಲಿ ಹೇಳುವುದು ನಮಗೆಲ್ಲ ಕೇಳಿಸಿತು.

ಮಾಸ್ಟರ ಕಾಲು ಈಗ ನಡುಗತೊಡಗಿತು. ಎತ್ತುವಾಗ ಸೋಲದ ಮಂಡಿಗಳು ಎಲ್ಲ ಮುಗಿದ ಮೇಲೆ ಸೋಲುತ್ತಿದ್ದವು. ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಗಾಲಿಕುರ್ಚಿಯ ಕಡೆ ಕಣ್ಣು ತೋರಿಸಿದರು.

"ನೀವ್ ಕೂಕಣಿ" ಎಂದರು. "ನಾನ್ ಇನ್ನೊಂಚೂರ್ ನಿಂತ್ಕಂತೆ."